ಗಡಿಕಲ್ಲು ದಾಟಿದ ಮಾತು

ರೋಣದಲ್ಲಿ ಪಾದ್ರಿ ಸಾಹೇಬರ ಹತ್ತಿರ ನಾನು ಎರಡು ವರ್ಷ ಕೆಲಸಕ್ಕಿದ್ದೆ. ನರಗುಂದದ ಗದ್ದಲಕ್ಕಿಂತ ಮುಂಚಿನ ಮಾತು. ಸಾಹೇಬರು ಪೇಟೆಯ ಹಿಂದೆ ಒಂದು ಮಣ್ಣಿನ ಮಾಳಿಗೆಯ ಮನೆ ಹಿಡಿದು, ತಮ್ಮ ಶಾಸ್ತ್ರವನ್ನು ಗ್ರೀಕ್ ಭಾಷೆಯಿಂದ ಕನ್ನಡಕ್ಕೆ ತರುತ್ತಿದ್ದರು. ಅವರ ಕನ್ನಡವನ್ನು ತಿದ್ದುವುದು ನನ್ನ ಕೆಲಸ. ನಾನು ನರಗುಂದದವನು, ಅಪ್ಪನಂತೆ ನಾನೂ ಸಾಲಿ ಐಗಳು. ಹುಡುಗರಿಗೆ ಮಗ್ಗಿ ಹೇಳಿ ಹೇಳಿ ನನ್ನ ಗಂಟಲು ದೊಡ್ಡದಾಗಿತ್ತು, ಸಿಟ್ಟು ಅದಕ್ಕಿಂತ ದೊಡ್ಡದಿತ್ತು. ಸಾಹೇಬರು ಮೊದಮೊದಲು ನನ್ನ ಕೊರಳಿನ ಲಿಂಗದ ಸುದ್ದಿಗೆ ಬಂದರು, ಆಮೇಲೆ ಬಿಟ್ಟರು. ನಾನು ಅವರ ದೇವರ ಸುದ್ದಿಗೆ ಹೋಗಲಿಲ್ಲ. ನಮ್ಮ ಜಗಳವೆಲ್ಲ ಶಬ್ದಗಳ ಮೇಲೆಯೇ ಆಗುತ್ತಿತ್ತು.

ನಮ್ಮ ಕೆಲಸದ ರೀತಿ ಹೀಗಿತ್ತು. ಸಾಹೇಬರು ಒಂದು ವಾಕ್ಯವನ್ನು ಗ್ರೀಕಿನಲ್ಲಿ ಗಟ್ಟಿಯಾಗಿ ಓದುವರು, ಪುಸ್ತಕ ಮುಚ್ಚುವರು, ಅದರ ಅರ್ಥವನ್ನು ತಮ್ಮ ಹರಕು ಕನ್ನಡದಲ್ಲಿ ಕೈಬಾಯಿ ಮಾಡಿ ಹೇಳುವರು. ನಾನು ಅದನ್ನು ಸರಿಯಾದ ಕನ್ನಡದಲ್ಲಿ ಹೇಳಬೇಕು. ಮರುದಿನ ಅವರು ಬರೆದಿಟ್ಟದ್ದನ್ನು ನನಗೇ ಓದಿ, ನನಗೆ ಏನು ತಿಳಿಯಿತೆಂದು ಕೇಳುವರು. ನಾನು ಬೇರೆ ಏನಾದರೂ ತಿಳಿದುಕೊಂಡಿದ್ದರೆ ಆ ಸಾಲಿಗೆ ಗೀಟು ಎಳೆದು ಮೊದಲಿಂದ ಶುರು. ಒಂದೊಂದು ಸಾಲಿಗೆ ಅರ್ಧ ದಿನ ಹೋದದ್ದುಂಟು. ಆದರೂ ಆ ಕೆಲಸದ ರುಚಿ ನನಗೆ ಹತ್ತಿಬಿಟ್ಟಿತ್ತು, ಸುಳ್ಳು ಯಾಕೆ ಹೇಳಲಿ.

ಒಂದು ಬೆಳಿಗ್ಗೆ ಅವರು ಅಂಗರೆವೋ ಎಂಬ ಶಬ್ದದ ಮುಂದೆ ಕೂತುಬಿಟ್ಟರು. ಅದಕ್ಕೆ ಅವರು ‘ಬಲವಂತ ಮಾಡು’ ಎಂದು ಬರೆದುಕೊಂಡಿದ್ದರು. ಬಲವಂತವನ್ನು ನಾವು ಬೀಗರಿಗೂ ಮಾಡುತ್ತೇವೆ, ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳಿರಿ ಎಂದು, ಇಲ್ಲಿ ಯಾವ ಬಲವಂತ ಎಂದು ನಾನು ಕೇಳಿದೆ. ಅವರು ನಕ್ಕು, ಶಬ್ದದ ಕಥೆಯನ್ನು ಬುಡದಿಂದ ಹೇಳಿದರು. ಪಾರಸೀ ಬಾದಶಹರ ಕಾಲದಲ್ಲಿ ಓಲೆ ಒಯ್ಯುವ ಸವಾರರಿದ್ದರಂತೆ. ಅವರಿಗೆ ದಾರಿಯಲ್ಲಿ ಕಂಡ ಕುದುರೆ, ಕಂಡ ಮನುಷ್ಯನನ್ನು ಹಿಡಿದು ಕೆಲಸಕ್ಕೆ ಹಚ್ಚುವ ಹಕ್ಕಿತ್ತಂತೆ. ಆ ಮಾತನ್ನು ಗ್ರೀಕರು ಪಾರಸಿಗಳಿಂದ ತೆಗೆದುಕೊಂಡರು. ಮುಂದೆ ರೋಮಿನ ಸಿಪಾಯಿಗಳು ಯೆಹೂದ್ಯರ ಊರುಗಳಲ್ಲಿ ಅದನ್ನೇ ಮಾಡಿದರು. ಹೊಲದಲ್ಲಿದ್ದವನನ್ನು ಕರೆದು, ಹೊರು ಎನ್ನುವುದು. ಅವನು ಹೊರಲೇಬೇಕು.

ಇಡೀ ಶಾಸ್ತ್ರದಲ್ಲಿ ಈ ಶಬ್ದ ಬರುವುದು ಮೂರು ಕಡೆಯಂತೆ. ಒಂದು ಕಡೆ ಅವರ ಗುರು ಶಿಷ್ಯರಿಗೆ ಹೇಳುತ್ತಾನೆ, ನಿನ್ನನ್ನು ಹೀಗೆ ಹಿಡಿದು ಒಂದು ಹರದಾರಿ ನಡೆಸಿದವನ ಜೊತೆಗೆ ನೀನು ಎರಡು ಹರದಾರಿ ಹೋಗು ಎಂದು. ಉಳಿದ ಎರಡು ಕಡೆ ಒಂದೇ ಸಂಗತಿ, ಇಬ್ಬರು ಬರೆದದ್ದು. ಆ ಗುರುವನ್ನೇ ಕೊಲ್ಲಲು ಒಯ್ಯುವಾಗ, ಹೊಲದ ಕಡೆಯಿಂದ ಬರುತ್ತಿದ್ದ ಒಬ್ಬನನ್ನು ಸಿಪಾಯಿಗಳು ಹಿಡಿದು, ಶೂಲದ ಮರವನ್ನು ಅವನ ಮೇಲೆ ಹೊರಿಸಿದರು.

ನಾನು ಎದ್ದು ನಿಂತೆ.

“ಸಾಹೇಬ್ರ, ಇದಕ್ಕ ಶಬ್ದ ಹುಡುಕೂದೇನೈತ್ರಿ? ಇದು ಬಿಗಾರಿ.”

ಬಿಗಾರಿ ಎಂದರೇನೆಂದು ಈಗಿನ ಹುಡುಗರಿಗೆ ಹೇಳಬೇಕಾಗುತ್ತದೋ ಏನೋ. ಕಚೇರಿಯ ಕಾರಕೂನರೋ ಸಾಹೇಬರೋ ಊರಿಗೆ ಬಂದರೆ ಅವರ ಸಾಮಾನನ್ನು ಊರು ಪುಕ್ಕಟೆ ಹೊರಬೇಕು. ನಮ್ಮ ಎರೆ ಭೂಮಿಯಲ್ಲಿ ಮಳೆಗಾಲಕ್ಕೆ ಬಂಡಿ ಅಚ್ಚಿನವರೆಗೆ ಹೂತುಹೋಗುತ್ತದೆ, ಹಾಗಾಗಿ ಮನುಷ್ಯನ ತಲೆಯೇ ಗತಿ. ಆದರೆ ಅದಕ್ಕೊಂದು ಮಿತಿಯೂ ಇತ್ತು. ಹೊರೆಯನ್ನು ತಮ್ಮ ಊರಿನ ಗಡಿಕಲ್ಲಿನ ತನಕ ಒಯ್ದು ಇಳಿಸಿದರೆ ಮುಗಿಯಿತು. ಅಲ್ಲಿಂದ ಮುಂದಿನ ಊರಿನವರು ಎತ್ತಿಕೊಳ್ಳಬೇಕು. ಆ ಕಲ್ಲಿನ ಆಚೆಗೆ ಯಾರೂ ಒಂದು ಹೆಜ್ಜೆ ಇಡುತ್ತಿರಲಿಲ್ಲ. ಒಂದು ಸಲ ದಾಟಿದರೆ ಅದೇ ವಹಿವಾಟು, ಅದೇ ರೂಢಿಯಾಗುತ್ತದೆ, ಇನ್ನು ಮೊಮ್ಮಕ್ಕಳ ಕಾಲದವರೆಗೂ ಅಲ್ಲಿಯತನಕ ಹೊರಬೇಕಾಗುತ್ತದೆ ಎಂಬ ಹೆದರಿಕೆ.

ನನಗೆ ಆ ಶಬ್ದ ಮೈಗೆ ಹತ್ತಿದ್ದು ಬೇರೆ ಕಾರಣಕ್ಕೆ. ನಾನು ಸಣ್ಣವನಿದ್ದಾಗ ನರಗುಂದದ ಗುಡ್ಡದ ಕೆಳಗಿನ ದಾರಿಯಲ್ಲಿ ಯಾರೋ ದೊಡ್ಡವರ ಸವಾರಿ ಹೊರಟಿತ್ತು. ಸಾಲಿ ಬಿಟ್ಟು ಮನೆಗೆ ಬರುತ್ತಿದ್ದ ನಮ್ಮ ಅಪ್ಪನನ್ನು ಅದರ ಸಿಪಾಯಿಗಳು ಹಿಡಿದರು. ಐಗಳನ್ನು ಬಿಗಾರಿಗೆ ಹಿಡಿಯುವ ಪದ್ಧತಿ ಇರಲಿಲ್ಲ, ಆದರೆ ಕೇಳುವವರಾರು. ಹಾಸಿಗೆಯ ಸುರುಳಿ ಹೊತ್ತು ಹೋದವನು ಮರುದಿನ ಬಂದು, ಸ್ನಾನ ಮಾಡಿ, ಪೂಜೆ ಮುಗಿಸಿ, ಸಾಲಿಗೆ ಹೋದ. ಸಾಯುವ ತನಕ ಆ ಮಾತು ಎತ್ತಲಿಲ್ಲ, ಆ ದಾರಿಯನ್ನೂ ತುಳಿಯಲಿಲ್ಲ.

ಇದನ್ನೆಲ್ಲ ಸಾಹೇಬರಿಗೆ ಹೇಳಿದೆ. ಅವರು ಬಲವಂತಕ್ಕೆ ಗೀಟೆಳೆದು ‘ಬಿಗಾರಿ ಹಿಡಿದರೆ’ ಎಂದು ಬರೆದರು. ಬಿಗಾರಿಯೂ ಪಾರಸೀ ದೇಶದ ಮಾತೇ ಎಂದು ನಾನು ಹೇಳಿದ್ದಕ್ಕೆ ಅವರಿಗೆ ಖುಷಿಯೋ ಖುಷಿ. ಶಬ್ದ ಬೇರೆ, ಹುಟ್ಟಿದೂರು ಒಂದೇ ಎಂದು ಆ ದಿನವೆಲ್ಲ ಹೇಳಿಕೊಂಡು ತಿರುಗಾಡಿದರು. ನನಗೂ ಹೆಮ್ಮೆಯಾಗಿತ್ತು. ಅಷ್ಟು ಸರಿಯಾಗಿ ಕೂತ ಶಬ್ದ ಆ ಪುಸ್ತಕದಲ್ಲಿ ಇನ್ನೊಂದಿರಲಿಲ್ಲ.

ಭಾದ್ರಪದದಲ್ಲಿ ಮಳೆ ಸ್ವಲ್ಪ ಹೊಳವಾದಾಗ ನಾವು ರೋಣದಿಂದ ಗಜೇಂದ್ರಗಡಕ್ಕೆ ಹೊರಟೆವು. ಸಾಹೇಬರು ತಟ್ಟು ಕುದುರೆಯ ಮೇಲೆ, ನಾನು ಕಾಲುನಡಿಗೆಯಲ್ಲಿ. ಹಾಸಿಗೆ ತಟ್ಟುವಿನ ಬೆನ್ನಿಗೆ. ಗ್ರೀಕ್ ಪುಸ್ತಕಗಳ ಪೆಟ್ಟಿಗೆ ಮಾತ್ರ ಒಬ್ಬ ಮನುಷ್ಯನ ತಲೆಗೆ ಸರಿಯಾಗುವಷ್ಟು ಭಾರ. ಹಳ್ಳಿಯವರು ಹೊರೆಯಾಳು ಮತ್ತು ಹುಲ್ಲು ಕೊಡಬೇಕೆಂದು ಕಚೇರಿಯ ಚೀಟಿಯೊಂದು ಸಾಹೇಬರ ಕಿಸೆಯಲ್ಲಿತ್ತು. ಚೀಟಿ ತೋರಿಸಿದರೆ ಆಳು ಬರುತ್ತಿದ್ದ, ಕಲ್ಲಿನ ಹತ್ತಿರ ಆಳು ಬದಲಾಗುತ್ತಿದ್ದ. ಅದು ಹಳ್ಳಿಯ ಜನ ತಮಗೆ ಪ್ರೀತಿಯಿಂದ ಮಾಡುವ ಉಪಕಾರವೆಂದು ಸಾಹೇಬರು ತಿಳಿದಿದ್ದರು.

ಸೂಡಿ ದಾಟಿ ರಾಜೂರಿನ ಕಡೆಗೆ ಹೋಗುವಾಗ ಎರಡು ಊರು ಸಿಗುತ್ತವೆ. ಹೆಸರು ಬೇಡ, ಅಲ್ಲಿಯವರು ಇನ್ನೂ ಇದ್ದಾರೆ. ಮೊದಲನೆಯ ಊರಿನಲ್ಲಿ ಸಂಜೆ ಇಳಿದೆವು. ಗೌಡ ಚಾವಡಿಯಲ್ಲಿ ಜಮಖಾನಿ ಹಾಸಿಸಿದ. ಊರವರು ಕೂಡಿದರು. ಸಾಹೇಬರು ತಮ್ಮ ಹೊಸ ಸಾಲನ್ನು ಓದಿಸಬೇಕೆಂದರು. ಅವರ ಉಚ್ಚಾರ ಯಾರಿಗೂ ತಿಳಿಯುತ್ತಿರಲಿಲ್ಲವಾದ್ದರಿಂದ ನಾನು ಎದ್ದು ನಿಂತು, ನನ್ನ ಸಾಲಿಯ ಗಂಟಲಿನಲ್ಲಿ, ಹಿಂದಿನ ಓಣಿಗೂ ಕೇಳಿಸುವಂತೆ ಓದಿದೆ. ಯಾರಾದರೂ ಒಂದು ಹರದಾರಿ ಬಿಗಾರಿ ಹಿಡಿದರೆ ಎರಡು ಹರದಾರಿ ಹೋಗತಕ್ಕದ್ದು. ಓದಿ ಮುಗಿಸಿದ ಮೇಲೆ ಜನ ಒಬ್ಬೊಬ್ಬರಾಗಿ ಎದ್ದು ಮನೆಗೆ ಹೋದರು. ಗೌಡ ಮಾತ್ರ ತಲೆ ತಗ್ಗಿಸಿ ಕೂತಿದ್ದ. ಮಾತು ಮನಸ್ಸಿಗೆ ತಟ್ಟಿದೆ ಎಂದು ಸಾಹೇಬರು ನನ್ನ ಕಿವಿಯಲ್ಲಿ ಹೇಳಿದರು.

ಮರುದಿನ ಬೆಳಿಗ್ಗೆ ಪೆಟ್ಟಿಗೆ ಹೊರಲು ಆ ಊರಿನ ವಾಲೀಕಾರ ಬಂದ. ಗೌಡ ಹೇಳಿದ ಚಾಕರಿ ಮಾಡಿ, ಅದಕ್ಕಾಗಿ ಊರು ಬಿಟ್ಟುಕೊಟ್ಟ ಒಂದು ತುಂಡು ಹೊಲ ಉಣ್ಣುವ ಮನೆತನದವನು. ನಲವತ್ತರ ಆಸುಪಾಸು, ಮಾತು ಕಡಿಮೆ. ತಲೆಯ ಮೇಲೆ ಬಟ್ಟೆ ಸುತ್ತಿದ ಸಿಂಬಿ ಇಟ್ಟು ಪೆಟ್ಟಿಗೆ ಹೊತ್ತು ನಡೆದ. ಗಡಿಕಲ್ಲಿನ ಹತ್ತಿರ ಮುಂದಿನ ಊರಿನ ಇಬ್ಬರು ಕಾಯುತ್ತ ಕೂತಿದ್ದರು. ಇವನು ಕಲ್ಲಿನ ಮುಂದೆ ಒಂದು ಕ್ಷಣ ನಿಂತ. ಪೆಟ್ಟಿಗೆಯನ್ನು ಸರಿಮಾಡಿಕೊಂಡ. ಇಳಿಸದೆ ಹಾಗೆಯೇ ಕಲ್ಲು ದಾಟಿ ಮುಂದೆ ಹೋದ. ಕಾಯುತ್ತಿದ್ದ ಇಬ್ಬರೂ ಒಬ್ಬರ ಮೋರೆ ಒಬ್ಬರು ನೋಡಿ, ಬರಿಗೈಯಲ್ಲಿ ನಗುತ್ತ ಅವನ ಹಿಂದೆ ಬಂದರು. ಮುಂದಿನ ಊರಿನ ಬೇವಿನಕಟ್ಟೆಯ ತನಕ ಹೊತ್ತು, ಅಲ್ಲಿ ಇಳಿಸಿ, ಅವನು ತಿರುಗಿ ಹೋದ.

ಸಾಹೇಬರ ಕಣ್ಣು ಒದ್ದೆಯಾಗಿದ್ದವು.

“ಪಂಡಿತರೇ, ನೋಡಿದಿರಾ? ಒಂದೇ ರಾತ್ರಿಯಲ್ಲಿ ಮಾತು ಬೇರು ಬಿಟ್ಟಿತು.”

ನನಗೂ ಹಾಗೆಯೇ ಅನಿಸಿತ್ತು.

ಗಜೇಂದ್ರಗಡದಲ್ಲಿ ಧರ್ಮಶಾಲೆಯಲ್ಲಿ ಇಳಿದುಕೊಂಡು ಕೆಲವು ವಾರ ಇದ್ದೆವು. ಬೆಳಿಗ್ಗೆ ಶಾಸ್ತ್ರ ತಿದ್ದುವುದು, ಸಂಜೆ ಪೇಟೆಗೆ ಹೋಗಿ ಜನರ ಜೊತೆ ವಾದ ಮಾಡುವುದು. ಒಂದು ಸಂತೆಯ ದಿನ ಕಂಬಳಿ ಮಾರುವವನ ಹತ್ತಿರ ಚೌಕಾಶಿ ಮಾಡುತ್ತ ಕೂತಿದ್ದೆ. ಅವನು ಸುದ್ದಿ ಹೇಳಿದ.

“ಸರಕಾರದ್ದು ಹೊಸಾ ಕಾಯ್ದೆ ಆಗೇತಂತಲ್ರಿ ಐಗೋಳ. ಇನ್ನ ಮ್ಯಾಲೆ ಬಿಗಾರಿ ದುಪ್ಪಟ್ಟಂತ. ಸೂಡಿ ಕಡೆ ಒಂದೂರಾಗ ಬಿಳೀ ಸಾಹೇಬನ ಮುಂದ ನಿಂತು ಒಬ್ಬಾಂವ ಕಾರಕೂನ ಓದಿದ್ನಂತ. ಗಂಟಲಂದ್ರ ಗಂಟಲಂತ ಅಂವಂದು.”

ನನ್ನನ್ನು ಕಾರಕೂನ ಎಂದದ್ದಕ್ಕೆ ಮೊದಲು ಸಿಟ್ಟು ಬಂತು. ಆಮೇಲೆ ಉಳಿದದ್ದು ತಿಳಿದು ಕೈಯಲ್ಲಿದ್ದ ಕಂಬಳಿಯನ್ನು ಅಲ್ಲೇ ಇಟ್ಟು ಎದ್ದೆ.

ಸಾಹೇಬರಿಗೆ ಹೇಳಿದರೆ ಅವರಿಗೆ ಅರ್ಥವೇ ಆಗಲಿಲ್ಲ. ಅದು ಮನಸ್ಸಿನ ಔದಾರ್ಯದ ಮಾತು, ಕಾಯ್ದೆ ಎಂದು ಯಾರಾದರೂ ತಿಳಿಯುವುದುಂಟೇ ಎಂದರು. ನನಗೆ ತಡೆಯಲಾಗಲಿಲ್ಲ. ಹುಕುಂ ಓದುವ ಚಾವಡಿಯಲ್ಲಿ ಕೂತಿರಿ, ಕಿಸೆಯಲ್ಲಿ ಕಚೇರಿಯ ಚೀಟಿ ಇತ್ತು, ಕಾಗದ ಹಿಡಿದು ನಾನು ಈ ಗಂಟಲಿನಲ್ಲಿ ಓದಿದೆ, ಅದರಲ್ಲಿ ಕಚೇರಿಯವರು ದಿನಾ ಆಡುವ ಬಿಗಾರಿ ಎಂಬ ಮಾತೇ ಇತ್ತು, ಜನ ಅದನ್ನು ಹುಕುಂ ಅನ್ನದೆ ಮತ್ತೇನನ್ನಬೇಕು ಎಂದು ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ. ‘ಬಲವಂತ’ ಎಂದು ಬಿಟ್ಟಿದ್ದರೆ ಯಾರ ಕಿವಿಯೂ ನೆಟ್ಟಗಾಗುತ್ತಿರಲಿಲ್ಲ. ಶಬ್ದ ಸರಿಯಾಗಿದ್ದುದೇ ಮುಳುವಾಯಿತು.

ಅವರು ಕಿಸೆಯಿಂದ ಚೀಟಿ ತೆಗೆದು ಮೊದಲಿಂದ ಕೊನೆಯವರೆಗೆ ಓದಿದರು.

“ಆ ವಾಕ್ಯದಲ್ಲಿ ನಾನು ಯಾರು, ಪಂಡಿತರೇ?”

“ಹೊತ್ತವರಲ್ರಿ,” ಎಂದೆ. “ಹಿಡಿದವರು.”

ಮರುದಿನವೇ ವಾಪಸು ಹೊರಟೆವು. ಚೀಟಿಯನ್ನು ಮತ್ತೆ ತೋರಿಸುವುದಿಲ್ಲ, ಬಾಡಿಗೆಗೆ ಹೊರೆ ಹೇರುವ ಎತ್ತು ಗೊತ್ತುಮಾಡಿರಿ ಎಂದರು ಸಾಹೇಬರು. ಉತ್ತರಿ ಮಳೆ ಆಗಿತ್ತು, ಹಿಂಗಾರಿ ಬಿತ್ತಿಗೆ ಎಲ್ಲರ ಎತ್ತೂ ಹೊಲದಲ್ಲಿದ್ದವು. ಕೊನೆಗೆ ಒಬ್ಬ ಮುದುಕ ಒಪ್ಪಿದ, ಅದೂ ಬೇವಿನಕಟ್ಟೆಯ ಊರಿನ ತನಕ ಮಾತ್ರ. ಅಲ್ಲಿಂದ ಮುಂದೆ ಎರೆ, ಹಸಿಯಲ್ಲಿ ಎತ್ತು ಇಳಿಸುವುದಿಲ್ಲ ಎಂದ. ಹಾಗೆ ಪೆಟ್ಟಿಗೆ ಮತ್ತೆ ಆ ಬೇವಿನ ಕಟ್ಟೆಯ ಮೇಲೆ ಬಂದು ಕೂತಿತು.

ಬೇವಿನಕಟ್ಟೆಯ ಊರಿನ ಗೌಡ ಮಜ್ಜಿಗೆ ಕೊಟ್ಟು ಬಹಳ ಮರ್ಯಾದೆ ಮಾಡಿದ. ಪೆಟ್ಟಿಗೆ ಇಲ್ಲೇ ಇರಲಿ, ಆಚೆಯ ಊರವರಿಗೆ ಹೇಳಿ ಕಳಿಸಿದ್ದೇನೆ, ಅವರು ಬಂದು ಒಯ್ಯುತ್ತಾರೆ, ಈಗ ವಹಿವಾಟು ಹಾಗೆ ಎಂದ. ಕಚೇರಿಯ ಕಾರಕೂನರ ಹಾಸಿಗೆಯೂ ಆಮೇಲೆ ಇಲ್ಲಿಯ ತನಕವೇ ಬಂದಿತ್ತಂತೆ. ಅದು ಹುಕುಂ ಅಲ್ಲ, ದೇವರ ಮಾತು ಎಂದು ಸಾಹೇಬರು ಹೇಳಿದರು. ಬೇಕಾದರೆ ಬರೆದುಕೊಡುತ್ತೇನೆ ಎಂದರು. ಗೌಡ ಕೈಮುಗಿದ. ಆದರೆ ಪೆಟ್ಟಿಗೆ ಮುಟ್ಟಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಆಚೆಯ ಊರಿನ, ಅಂದರೆ ನಾವು ಶಾಸ್ತ್ರ ಓದಿದ್ದ ಮೊದಲನೆಯ ಊರಿನ, ಗೌಡ ತಾನೇ ಬಂದ, ಮೊಣಕಾಲಿನ ತನಕ ಕೆಸರು. ನನ್ನನ್ನು ಬದಿಗೆ ಕರೆದು ಎಲ್ಲ ಹೇಳಿದ. ಹುಕುಂ ಎಂದು ತಿಳಿದು ವಾಲೀಕಾರನಿಗೆ ಕಲ್ಲು ದಾಟಲು ಹೇಳಿದವನು ಇವನೇ. ಆದರೆ ಅಂಥ ಹುಕುಂ ಇಲ್ಲವೆಂದು ಕಚೇರಿಯಲ್ಲಿ ಕೇಳಿ ಗೊತ್ತಾದ ಮೇಲೆ ಊರ ಹಿರಿಯರ ಸಿಟ್ಟೆಲ್ಲ ದಾಟಿದವನ ಮೇಲೆ ತಿರುಗಿತ್ತು. ಊರಿನ ತಲೆಗೆ ಕಾಯಂ ಹೊರೆ ತಂದವನು ಚಾಕರಿಯ ಹೊಲ ಬಿಡಬೇಕು, ಅವನ ದಾಯಾದಿ ಅದನ್ನು ಬಿತ್ತಲಿ ಎಂದು ಠರಾಯಿಸಿದ್ದರು. ಚಾಕರಿಯ ಹೊಲದಲ್ಲಿ ಬಿತ್ತಲು ಕೂರಿಗೆ ಹೂಡಿದವನದೇ ಹೊಲ. ನಾಳೆ ಬೆಳಿಗ್ಗೆ ದಾಯಾದಿಯ ಎತ್ತು ಇಳಿದರೆ ವಾಲೀಕಾರನ ಮನೆತನ ಅಲ್ಲಿಗೆ ಮುಗಿಯಿತು. ಹುಕುಂ ಕೊಟ್ಟವನು ತಾನು, ಹೊಲ ಹೋಗುವುದು ವಾಲೀಕಾರನದು ಎಂಬುದು ಗೌಡನನ್ನೂ ಕೊರೆಯುತ್ತಿತ್ತು.

ಸಾಹೇಬರು ಕಾಗದ, ಲೇಖಣಿಕೆ ತೆಗೆಯಲು ಹೋದರು. ಗೌಡ ತಡೆದ.

“ಕಾಗದಲೆ ಆದದ್ದಲ್ರಿ ಇದು, ಕಾಗದಲೆ ಹೋಗಂಗಿಲ್ಲ. ಈ ಊರವರು ಹೊತ್ತು ಪೆಟಗಿ ಕಲ್ಲಿಗೆ ತರಬೇಕ್ರಿ. ಇಲ್ಲಿಂದ ನಾವು ಎತ್ತಿದ್ವಿ ಅಂದ್ರ ಮತ್ತೊಂದು ಸಲಾ ದಾಟಿದಂಗ ಆತು.”

ಬೇವಿನಕಟ್ಟೆಯ ಗೌಡ ಅದನ್ನು ಕೇಳಿಸಿಕೊಂಡು ಬೇವಿನ ಎಲೆ ಎಣಿಸುವವನಂತೆ ಮೇಲೆ ನೋಡುತ್ತ ಕೂತ. ತಾನಾಗಿ ಬಂದ ಅನುಕೂಲವನ್ನು ಅವನು ಯಾಕೆ ಬಿಟ್ಟಾನು? ಪೆಟ್ಟಿಗೆ ಇಬ್ಬರ ನಡುವೆ ಹಾಗೇ ಇತ್ತು. ಬಿಸಿಲಿಗೆ ಹೊಲದ ಬಿತ್ತುವ ಹದ ಆರುತ್ತಿತ್ತು.

ಸಾಹೇಬರು ಎದ್ದರು. ಅಂಗಿಯ ತೋಳು ಮಡಿಚಿದರು. ಪೆಟ್ಟಿಗೆಯ ಎರಡೂ ಹಿಡಿಕೆ ಹಿಡಿದು ಮೊಣಕಾಲಿನವರೆಗೆ ಎತ್ತಿದರು. ಅದನ್ನು ತಲೆಗೇರಿಸುವ ವಿಚಾರವಿದೆಯೆಂದು ಗೊತ್ತಾದಾಗ ನಾನು, ಇದೇನು ಹುಚ್ಚು ಎಂದು ಗದರಿಸಿದೆ. ಅವರು ಕೇಳಲಿಲ್ಲ. ಸಿಂಬಿ ಇಲ್ಲದೆ ಹೊತ್ತರೆ ನೆತ್ತಿ ಉಳಿಯುವುದಿಲ್ಲ. ಸಿಟ್ಟಿನಲ್ಲೇ ನನ್ನ ಹೆಗಲ ಮೇಲಿನ ವಲ್ಲಿ ತೆಗೆದು, ಸುತ್ತಿ, ಅವರ ಕೆಂಪು ಕೂದಲಿನ ಮೇಲಿಟ್ಟೆ. ಪೆಟ್ಟಿಗೆಗೆ ಒಂದು ಕೈ ಹಚ್ಚಿದೆ. ಸಿಪಾಯಿಗಳು ನಮ್ಮ ಅಪ್ಪನಿಗೆ ಸಿಂಬಿಯನ್ನಾದರೂ ಕೊಟ್ಟಿದ್ದರೋ ಇಲ್ಲವೋ ಎಂಬ ವಿಚಾರ ಆಗ ಬಂತು.

ಸಾಹೇಬರು ಓಲಾಡುತ್ತ ಓಣಿಯಲ್ಲಿ ನಡೆದರು. ಹೆಂಗಸರು ಬಾಗಿಲಿಗೆ ಬಂದರು. ಬೇವಿನಕಟ್ಟೆಯ ಗೌಡನ ಮೋರೆ ಬೂದಿಯಾಯಿತು. ಬಿಳೀ ಸಾಹೇಬನ ತಲೆಯ ಮೇಲೆ ತಮ್ಮ ಊರು ಪೆಟ್ಟಿಗೆ ಹೊರಿಸಿತು ಎಂಬ ಸುದ್ದಿ ಕಚೇರಿಗೆ ಹೋದರೆ ನಾಳೆ ಯಾರ ಬೆನ್ನು ಉಳಿದೀತು? ಅವನು ರುಮಾಲು ಸರಿಮಾಡಿಕೊಳ್ಳುತ್ತ ಓಡಿ ಬಂದು, ಇಳಿಸಿರಿ, ನಮ್ಮ ಆಳು ಕೊಡುತ್ತೇನೆ ಎಂದು ಪಕ್ಕದಲ್ಲೇ ಬೇಡಿಕೊಳ್ಳುತ್ತ ನಡೆದ. ಸಾಹೇಬರು ಏದುಸಿರು ಬಿಡುತ್ತ ಮುಂದೆ ನಡೆದೇ ಇದ್ದರು. ಕೊನೆಯ ಮನೆ ದಾಟಿ ಎರೆಗೆ ಕಾಲಿಟ್ಟದ್ದೇ ತಡ, ಬೂಟು ಹೂತು ಮೊಣಕಾಲು ಊರಿದರು. ಆಗ ಗೌಡ ಕೂಗಿದ. ಅವನ ಊರಿನ ಇಬ್ಬರು ಬಂದು ಪೆಟ್ಟಿಗೆಯನ್ನು ಅವರ ತಲೆಯಿಂದ ಇಳಿಸಿಕೊಂಡು, ಹೊತ್ತು, ಗಡಿಕಲ್ಲಿನ ತನಕ ಒಯ್ದರು.

ಶಾಸ್ತ್ರದ ಮಾತಿಗಲ್ಲ, ಕಚೇರಿಯ ಹೆದರಿಕೆಗೆ ಹೊತ್ತರು. ಇರಲಿ. ಹಳೆಯ ವಹಿವಾಟು ಮತ್ತೆ ಜಾರಿಗೆ ಬಂತು, ನಮಗೆ ಬೇಕಾದದ್ದು ಅದೇ.

ಕಲ್ಲಿನ ಆಚೆಗೆ ಮೊದಲನೆಯ ಊರಿನ ಹಿರಿಯರು ಕೂಡಿ ನಿಂತಿದ್ದರು. ವಾಲೀಕಾರ ಅವರಿಂದ ದೂರ, ಬದುವಿನ ಮೇಲೆ ಒಬ್ಬನೇ ನಿಂತಿದ್ದ. ಯಾರೂ ಕರೆದಿರಲಿಲ್ಲ, ಆದರೂ ಕೈಯಲ್ಲಿ ಸಿಂಬಿ ಇತ್ತು. ಬೇವಿನಕಟ್ಟೆಯವರು ಪೆಟ್ಟಿಗೆಯನ್ನು ಕಲ್ಲಿನ ಪಕ್ಕದಲ್ಲಿ ಇಳಿಸಿದರು. ಹಿರಿಯರು ಅದನ್ನು ಕಣ್ಣಾರೆ ನೋಡಿದರು. ಸಾಹೇಬರು ಮತ್ತೆ ಬಗ್ಗಿ ಪೆಟ್ಟಿಗೆಗೆ ಕೈ ಹಾಕಿದರು. ಮೊದಲನೆಯ ಊರಿನ ಗೌಡ ಅಡ್ಡ ಬಂದ.

“ಇನ್ನೊಂದು ವಹಿವಾಟ ಹಚ್ಚಬ್ಯಾಡ್ರಿ ಸಾಹೇಬ್ರ. ಕಲ್ಲಿಂದ ಈಚೆ ನಮ್ದು.”

ಆಮೇಲೆ ಹಿರಿಯರ ಕಡೆ ಒಮ್ಮೆ ನೋಡಿದ. ವಾಲೀಕಾರನ ಕಡೆ ತಿರುಗಿದ.

“ನೀ ಇವತ್ತ ಹೊರಬ್ಯಾಡೊ. ಹದಾ ಆರಾಕತ್ತೇತಿ, ಹೊಲಕ್ಕ ಹೋಗು. ಕೂರಿಗಿ ನಮ್ಮ ಮನ್ಯಾಂದ ಒಯ್ಯಿ.”

ಅದೇ ತೀರ್ಪು. ಹಿರಿಯರಲ್ಲಿ ಒಬ್ಬ ಕೆಮ್ಮಿದ, ಬೇರೆ ಮಾತು ಬರಲಿಲ್ಲ. ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

ಸಾಹೇಬರಿಗೆ ವಾಲೀಕಾರನೊಡನೆ ಏನಾದರೂ ಮಾತಾಡಲೇಬೇಕಾಗಿತ್ತು. ಕ್ಷಮೆ ಕೇಳುವುದಕ್ಕೆ ಅವರಿಗೆ ನಮ್ಮ ಕಡೆಯ ಮಾತು ಸಿಗಲಿಲ್ಲ. ಆ ಶಬ್ದ ನಮ್ಮ ಶಾಸ್ತ್ರದಲ್ಲಿ ಇನ್ನೊಂದು ಕಡೆ ಬರುತ್ತದೆ, ಅದನ್ನು ಇವನಿಗೆ ಹೇಳಿರಿ ಪಂಡಿತರೇ ಎಂದರು. ನಾನು ಈ ಸಲ ಗಂಟಲು ತಗ್ಗಿಸಿ ಹೇಳಿದೆ. ಒಬ್ಬ ಮನುಷ್ಯ ಹೊಲದ ಕಡೆಯಿಂದ ಬರುತ್ತಿದ್ದ. ಸಿಪಾಯಿಗಳು ಅವನನ್ನು ಬಿಗಾರಿ ಹಿಡಿದು, ಕೊಲ್ಲಲು ಒಯ್ಯುತ್ತಿದ್ದ ಒಬ್ಬ ಒಳ್ಳೆಯವನ ಮರವನ್ನು ಹೊರಿಸಿದರು. ಹೊತ್ತವನನ್ನು ಇವರ ಜನ ಇವತ್ತಿಗೂ ನೆನೆಯುತ್ತಾರೆ, ಅವನ ಹೆಸರು ಪುಸ್ತಕದಲ್ಲಿದೆ.

ವಾಲೀಕಾರ ಪೂರ್ತಿ ಕೇಳಿದ. ಸಿಂಬಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ತೆಗೆದುಕೊಂಡ.

“ಆಮ್ಯಾಲೆ ಅವನ ಹೊಲ ಏನಾತ್ರಿ? ಬಿತ್ತಾಕ ಬಿಟ್ರೇನ್ರಿ ಅವನ್ನ?”

ನಾನು ಸಾಹೇಬರ ಕಡೆ ನೋಡಿದೆ. ಅವರಿಗೆ ಪ್ರಶ್ನೆ ತಿಳಿದಿತ್ತು. ಗ್ರೀಕ್ ಪುಸ್ತಕಗಳ ಪೆಟ್ಟಿಗೆಯ ಮೇಲೆ ಕೈ ಇಟ್ಟು, ಒಂದೊಂದು ಸಾಲನ್ನೂ ಮನಸ್ಸಿನಲ್ಲೇ ತಿರುವಿ ಹಾಕುವವರಂತೆ ನಿಂತರು.

“ಬರೆದಿಲ್ಲ,” ಎಂದರು. “ಅದನ್ನು ಯಾರೂ ಬರೆದಿಲ್ಲ.”

ವಾಲೀಕಾರ ತಲೆಯಾಡಿಸಿದ. ಬರ್ತೇನ್ರಿ ಎಂದು ಇಬ್ಬರಿಗೂ ಕೈಮುಗಿದು, ಕೂರಿಗೆ ತರಲು ಗೌಡನ ಮನೆಯ ಕಡೆಗೆ ಲಗುಬಗೆಯಿಂದ ನಡೆದ.